ಗಡಸು ನೀರು: ಹೋಟೆಲಿನ ಕಣ್ಣಿಗೆ ಕಾಣದ ಖರ್ಚು

ನೀರಿನ ವಿಷಯ ಬಂದಾಗ ಹೋಟೆಲ್ ಉದ್ಯಮಿಗಳಾದ ನಾವು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತೇವೆ. ನೀರು ಸಾಕಷ್ಟು ಬರುತ್ತದೆಯೇ? ಕುಡಿಯಲು ಯೋಗ್ಯವೇ? ಮೂರನೆಯ ಪ್ರಶ್ನೆಯೊಂದಿದೆ: ನೀರು ಎಷ್ಟು ಗಡಸು? ಇದನ್ನು ಕೇಳದೆ ಬಿಟ್ಟಲ್ಲಿ ಗ್ಯಾಸ್, ಸಾಬೂನು, ರಿಪೇರಿ ಎಂದು ತಿಂಗಳು ತಿಂಗಳೂ ಹಣ ಸೋರುತ್ತಲೇ ಇರುತ್ತದೆ.

ಮುಂಬಯಿಯಲ್ಲಿ ಮಹಾನಗರಪಾಲಿಕೆಯ ನೀರು ತಾನ್ಸಾ, ಭಾತ್ಸಾ ಮೊದಲಾದ ಕೆರೆಗಳಿಂದ ಬರುವ ಮೆದು ನೀರು. ಹೀಗಾಗಿ ಅಲ್ಲಿನ ಸದಸ್ಯರಿಗೆ ಈ ತೊಂದರೆಯ ಅರಿವು ಕಡಿಮೆ. ಅದೇ ಭಟ್ಟರು ಅದೇ ಬೇಳೆ, ಅದೇ ಕಾಫಿಪುಡಿ ಹಿಡಿದು ಚೆನ್ನೈಗೆ ಹೋದರೆ ಕೈರುಚಿ ಬದಲಾದಂತೆ ತೋರುತ್ತದೆ. ಬದಲಾದದ್ದು ಕೈಯಲ್ಲ, ನೀರು.

ಚೆನ್ನೈಯ ಹಳೆಯ ಮಹಾಬಲಿಪುರಂ ರಸ್ತೆಯನ್ನೇ ನೋಡೋಣ. ಪೆರುಂಗುಡಿ, ತೊರೈಪಾಕ್ಕಂ, ಶೋಲಿಂಗನಲ್ಲೂರು ಪ್ರದೇಶಗಳು ನಗರಪಾಲಿಕೆಗೆ ಸೇರಿದ್ದು 2011ರಲ್ಲಿ. ಐಟಿ ಕಚೇರಿಗಳು, ವಸತಿ ಸಮುಚ್ಚಯಗಳು, ಅವುಗಳ ಹಿಂದೆಯೇ ಹೋಟೆಲುಗಳು ಬಂದವು. ಕೊಳಾಯಿ ನೀರು ಮಾತ್ರ ಬಹಳ ಹಿಂದೆ ಉಳಿಯಿತು. ಬೋರ್‌ವೆಲ್ ಮತ್ತು ಟ್ಯಾಂಕರೇ ಅಲ್ಲಿನ ಜನರ ಆಧಾರವಾದವು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಪಳ್ಳಿಕರಣೈ ಜೌಗುಪ್ರದೇಶ. ಅಂತರ್ಜಲವನ್ನು ಎತ್ತಿದಷ್ಟೂ ನೀರಿನ ಉಪ್ಪಿನಂಶ, ಗಡಸುತನ ಏರುತ್ತದೆ. 2019ರ ಬೇಸಿಗೆಯಲ್ಲಿ ನಗರಕ್ಕೆ ನೀರುಣಿಸುವ ನಾಲ್ಕು ಕೆರೆಗಳು ಬತ್ತಿ, ಕೆಲವು ಹೋಟೆಲುಗಳು ಊಟವನ್ನೇ ನಿಲ್ಲಿಸಬೇಕಾಗಿ ಬಂದದ್ದು ನಮಗೆ ನೆನಪಿದೆ. ಅಂತಹ ದಿನಗಳಲ್ಲಿ ಟ್ಯಾಂಕರಿನ ನೀರು ಯಾವ ಬಾವಿಯದೆಂದು ಕೇಳುವವರಾರು? ಸಂಪಿನಲ್ಲಿ ಮೂರು ಮೂಲದ ನೀರು ಬೆರೆತು, ನಲ್ಲಿಯಲ್ಲಿ ಇಂದು ಬರುವ ನೀರು ನಾಳಿನಂತಿರುವುದಿಲ್ಲ.

ಗಡಸು ಎಂದರೇನು?

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳೇ ಗಡಸುತನಕ್ಕೆ ಕಾರಣ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 10500 ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿಲ್ಲದಿದ್ದರೆ 600ರ ವರೆಗೆ ಒಪ್ಪಬಹುದು. ಗಡಸು ನೀರು ವಿಷವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಮಿತಿಯನ್ನೇ ಇಟ್ಟಿಲ್ಲ. ತೊಂದರೆ ಆಗುವುದು ಒಲೆಯ ಮೇಲೆ ಮತ್ತು ತೊಳೆಯುವಲ್ಲಿ.

ತೊಗರಿಬೇಳೆ ಬೇಗ ಬೇಯುವುದಿಲ್ಲ. ಬೇಳೆಯ ಕಣಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಎಂಬ ಅಂಟಿನೊಂದಿಗೆ ಕ್ಯಾಲ್ಸಿಯಂ ಸೇರಿ ಅದನ್ನು ಬಿಗಿಮಾಡುತ್ತದೆ. ಭಟ್ಟರು ಸೋಡಾ ಹಾಕುತ್ತಾರೆ. ಬೇಳೆ ಬೆಂದರೂ ಬಿ1 ಜೀವಸತ್ವ ನಾಶವಾಗುತ್ತದೆ, ಸೋಡಾ ಹೆಚ್ಚಾದರೆ ಸಾಂಬಾರಿನ ರುಚಿಯೂ ಕೆಡುತ್ತದೆ. ಚಹಾದ ಮೇಲೆ ತೆಳುವಾದ ಕೆನೆಯಂತಹ ಪೊರೆ ಕಟ್ಟುತ್ತದೆ. ನೀರಿನ ಬೈಕಾರ್ಬನೇಟು ಕಾಫಿಯ ಹುಳಿಯನ್ನು ಕೊಲ್ಲುವುದರಿಂದ ಡಿಕಾಕ್ಷನ್ ಮಂಕಾಗುತ್ತದೆ. ಗಿರಾಕಿ ಕಾಫಿಪುಡಿಯನ್ನು ದೂರುತ್ತಾನೆ, ನಾವು ಪುಡಿ ಬದಲಾಯಿಸುತ್ತೇವೆ.

ಬಾಯ್ಲರಿನೊಳಗಿನ ಕಲ್ಲು

ಹೆಚ್ಚಿನ ನಷ್ಟ ಆಗುವುದು ಇಡ್ಲಿಯ ಸ್ಟೀಮ್ ಬಾಯ್ಲರಿನಲ್ಲಿ. ಆವಿಯಾಗಿ ಹೋಗುವುದು ನೀರು ಮಾತ್ರ, ಲವಣ ಒಳಗೇ ಉಳಿಯುತ್ತದೆ. ಗಡಸುತನ 400 ಇರುವ 200 ಲೀಟರ್ ನೀರು ದಿನಕ್ಕೆ ಆವಿಯಾದರೆ 80 ಗ್ರಾಂ, ತಿಂಗಳಿಗೆ 2.4 ಕಿಲೋ ಲವಣ ಒಳಗೆ ಸೇರಿದಂತಾಯಿತು. ಕೆಳಗಿನ ವಾಲ್ವಿನಿಂದ ನೀರು ಬಿಟ್ಟಾಗ ಸ್ವಲ್ಪ ಹೊರಹೋಗುತ್ತದೆ, ಉಳಿದದ್ದು ಗೋಡೆಗೆ ಕಲ್ಲಾಗಿ ಅಂಟುತ್ತದೆ. ಈ ಪದರ ಉಕ್ಕಿಗಿಂತ ಹತ್ತಾರು ಪಟ್ಟು ಕಡಿಮೆ ಶಾಖ ಹಾಯಿಸುತ್ತದೆ. ಬೆಂಕಿ ಜಾಸ್ತಿ, ಆವಿ ಕಡಿಮೆ. ಲೋಹ ಅತಿಯಾಗಿ ಕಾದು ದುರ್ಬಲವಾಗಿ ಟ್ಯೂಬು ಒಡೆಯಬಹುದು. ಸೇಫ್ಟಿ ವಾಲ್ವಿನ ಬಾಯಿಗೆ ಕಲ್ಲು ಕಟ್ಟಿದರಂತೂ ಬಾಯ್ಲರಿನ ಪಕ್ಕದಲ್ಲಿ ನಿಂತ ಹುಡುಗನ ಪ್ರಾಣದ ಪ್ರಶ್ನೆ.

ತೊಳೆಯುವಲ್ಲಿ ಸಾಬೂನು ನೊರೆ ಕೊಡದೆ ಜಿಡ್ಡಾಗುತ್ತದೆ. ಸ್ಟೀಲ್ ಲೋಟಗಳ ಮೇಲೆ ಬಿಳಿ ಕಲೆ, ಸಮವಸ್ತ್ರಗಳಿಗೆ ಬೂದುಬಣ್ಣ. ನಮ್ಮ ಮನೆಗಳಲ್ಲಿ, ಕೆಲಸಗಾರರ ಕೋಣೆಗಳಲ್ಲಿ ಗೀಸರಿನ ಕಾಯಿಲ್ ಸುಡುವುದಕ್ಕೂ ಶವರಿನ ತೂತು ಕಟ್ಟುವುದಕ್ಕೂ ಕೂದಲು ಒರಟಾಗುವುದಕ್ಕೂ ಇದೇ ಕಾರಣ.

ಟಿ.ಡಿ.ಎಸ್. ಬೇರೆ, ಗಡಸುತನ ಬೇರೆ

ಯಂತ್ರ ಮಾರಲು ಬರುವವರು ಪುಟ್ಟ ಮೀಟರನ್ನು ಲೋಟದಲ್ಲಿ ಅದ್ದಿ ಅಂಕಿ ತೋರಿಸಿ ಹೆದರಿಸುತ್ತಾರೆ. ಅದು ಟಿ.ಡಿ.ಎಸ್., ಅಂದರೆ ಕರಗಿದ ಎಲ್ಲ ಲವಣಗಳ ಅಂದಾಜು. ಅದರಲ್ಲಿ ಗಡಸುತನ ಎಷ್ಟೆಂದು ಆ ಮೀಟರಿಗೆ ಗೊತ್ತಿಲ್ಲ. ಅಡುಗೆ ಉಪ್ಪಿನಂಶ ತುಂಬಿದ ನೀರು 800 ತೋರಿಸಿಯೂ ಮೆದುವಾಗಿರಬಹುದು. 400 ತೋರಿಸುವ ನೀರು ಬಾಯ್ಲರಿಗೆ ಕಲ್ಲು ಕಟ್ಟಬಹುದು. ಸಾಫ್ಟ್‌ನರ್ ಯಂತ್ರ ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುವುದರಿಂದ ಅದರ ಹಿಂದೆಯೂ ಮುಂದೆಯೂ ಮೀಟರು ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸುತ್ತದೆ. ಇದನ್ನರಿಯದೆ ಸರಿಯಾಗಿರುವ ಸಾಫ್ಟ್‌ನರನ್ನು ಕಿತ್ತು ಇಡೀ ಹೋಟೆಲಿಗೆ ಆರ್.ಒ. ಹಾಕಿಸುವುದು ದಂಡ. ಸಣ್ಣ ಆರ್.ಒ. ಯಂತ್ರಗಳು ಒಂದು ಲೀಟರ್ ನೀರು ಕೊಡಲು ಮೂರು ಲೀಟರಿನಷ್ಟು ಚೆಲ್ಲುವುದುಂಟು. ಹಣ ಕೊಟ್ಟು ತರಿಸಿದ ಟ್ಯಾಂಕರ್ ನೀರನ್ನು ಮೋರಿಗೆ ಬಿಟ್ಟಂತೆ.

ಏನು ಮಾಡಬಹುದು?

ಮೊದಲು ನಮ್ಮ ಫೈಲನ್ನೇ ತೆರೆಯೋಣ. ಎಫ್.ಎಸ್.ಎಸ್.ಎ.ಐ. ತಪಾಸಣೆಗೆಂದು ಆರು ತಿಂಗಳಿಗೊಮ್ಮೆ ಮಾಡಿಸುವ ನೀರಿನ ಪರೀಕ್ಷೆಯ ವರದಿಯಲ್ಲಿ ‘ಟೋಟಲ್ ಹಾರ್ಡ್‌ನೆಸ್’ ಎಂಬ ಸಾಲಿದೆಯೇ ನೋಡಿ. ಇಲ್ಲದಿದ್ದರೆ ಮುಂದಿನ ಸಲ ಕೇಳಿ ಪಡೆಯಿರಿ. ಮಾದರಿಯನ್ನು ಸಂಪು ದಾಟಿದ ಅಡುಗೆಮನೆಯ ನಲ್ಲಿಯಿಂದಲೇ ಕೊಡಿ. ಹನಿ ಎಣಿಸಿ ಗಡಸುತನ ಅಳೆಯುವ ಕಿಟ್ ಇಟ್ಟುಕೊಂಡರೆ ಪ್ರತಿ ಟ್ಯಾಂಕರನ್ನೂ ನಾವೇ ನೋಡಬಹುದು.

ಎರಡನೆಯದಾಗಿ, ಕೆಲಸಕ್ಕೆ ತಕ್ಕ ನೀರು. ಬಾಯ್ಲರ್, ಗೀಸರ್, ಪಾತ್ರೆ ಮತ್ತು ಬಟ್ಟೆ ತೊಳೆಯಲು ಸಾಫ್ಟ್‌ನರ್ ನೀರು. ಕುಡಿಯಲು, ಕಾಫಿ-ಚಹಾಕ್ಕೆ, ಬೇಳೆಗೆ ಮಾತ್ರ ಆರ್.ಒ. ಅದು ಚೆಲ್ಲುವ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸೋಣ. ಸಾಫ್ಟ್‌ನರಿಗೆ ಉಪ್ಪು ಹಾಕುವ ದಿನವನ್ನು ಗೋಡೆಗೆ ಬರೆದಿಡಿ. ಉಪ್ಪು ತಪ್ಪಿದರೆ ಯಂತ್ರ ಇದ್ದೂ ಇಲ್ಲದಂತೆ. ಅದರ ಉಪ್ಪುನೀರನ್ನು ಮಣ್ಣಿಗೆ ಬಿಟ್ಟರೆ ನೆರೆಯವರ ಬಾವಿ ಕೆಡುತ್ತದೆ.

ಪಾತ್ರೆಗೆ ಕಟ್ಟಿದ ಕಲ್ಲಿಗೆ ನಿಂಬೆ ಉಪ್ಪು ಸಾಕು. ಸ್ಟೀಲಿಗೆ, ಅಲ್ಯೂಮಿನಿಯಂಗೆ ಬಾತ್‌ರೂಮಿನ ಆಸಿಡ್ ಬೇಡ. ಆಸಿಡ್ ಜೊತೆ ಬ್ಲೀಚಿಂಗ್ ಪುಡಿ ಸೇರಿದರೆ ಕ್ಲೋರಿನ್ ಅನಿಲ ಹೊಮ್ಮಿ ಹುಡುಗರ ಉಸಿರು ಕಟ್ಟೀತು. ಬಾಯ್ಲರನ್ನು ಬಲ್ಲವರಿಂದಲೇ ತೊಳೆಸಿ.

ಎಲ್ಲಕ್ಕಿಂತ ಮೆದು ನೀರು ಆಕಾಶದಿಂದ ಬಿಟ್ಟಿಯಾಗಿ ಬರುತ್ತದೆ. ತಮಿಳುನಾಡಿನಲ್ಲಿ 2003ರಿಂದ ಕಟ್ಟಡಗಳಿಗೆ ಮಳೆಕೊಯ್ಲು ಕಡ್ಡಾಯ. ಎಷ್ಟೋ ಕಡೆ ಆ ಪೈಪುಗಳು ಹೂಳು ತುಂಬಿ ನಿಂತಿವೆ. ಅಕ್ಟೋಬರ್ ಮಳೆಗೆ ಮುನ್ನ ತಾರಸಿ ಗುಡಿಸಿ, ಜರಡಿ ತೊಳೆದರೆ ಮೂರು ತಿಂಗಳು ಬಾಯ್ಲರಿಗೂ ನೆಲದೊಳಗಿನ ನೀರಿಗೂ ನೆಮ್ಮದಿ. ಅಕ್ಕಿ, ಬೇಳೆ, ಎಣ್ಣೆಗಳನ್ನು ಮುಟ್ಟಿ ನೋಡಿ ಕೊಳ್ಳುವ ನಾವು, ಇವೆಲ್ಲಕ್ಕಿಂತ ಹೆಚ್ಚು ಬಳಸುವ ನೀರನ್ನೂ ಹಾಗೆಯೇ ಪರೀಕ್ಷಿಸಿ ತೆಗೆದುಕೊಳ್ಳುವಂತಾಗಲಿ.