ಎಳೆದೊಯ್ಯುವ ಕಾರಿನ ವಿದ್ಯುದ್ವ್ಯವಸ್ಥೆ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿಯೂ ಕೆನಡಾದಲ್ಲಿಯೂ ದೀರ್ಘ ಪ್ರವಾಸ ಹೊರಡುವ ಅನೇಕರು, ಅಡಿಗೆಮನೆ ಮತ್ತು ಮಲಗುವ ಸ್ಥಳಗಳನ್ನು ಒಳಗೊಂಡ ಮೋಟಾರ್‌ಹೋಮ್ ಎಂಬ ದೊಡ್ಡ ವಾಹನದಲ್ಲಿ ಸಂಚರಿಸುತ್ತಾರೆ. ಬಿಡಾರ ಹೂಡಿದ ಮೇಲೆ ಪೇಟೆಗೆ ಹೋಗಿಬರುವುದಕ್ಕೆ ಆ ಭಾರಿ ವಾಹನ ಒದಗದು. ಆದಕಾರಣ ಅದರ ಹಿಂದೆ ಒಂದು ಚಿಕ್ಕ ಕಾರನ್ನು, ನಾಲ್ಕು ಚಕ್ರಗಳೂ ನೆಲದ ಮೇಲೆಯೇ ಉರುಳುವಂತೆ, ಉಕ್ಕಿನ ದಂಡದಿಂದ ಬಿಗಿದು ಎಳೆದೊಯ್ಯುವ ಪದ್ಧತಿ ಅಲ್ಲಿದೆ. ನಮ್ಮ ರಸ್ತೆಗಳಲ್ಲಿ ಇದು ಅಪರೂಪದ ದೃಶ್ಯ. ಆದರೂ ಓಮನ ನಿಯಮ ಮತ್ತು ಡಯೋಡಿನ ಏಕಮುಖ ವಹನವನ್ನು ತರಗತಿಯಲ್ಲಿ ಬೋಧಿಸುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸುಲಭವಾಗಿ ದೊರೆಯದೆಂದು ನಾವು ಭಾವಿಸಿದ್ದೇವೆ.

ಎಲ್ಲ ಕಾರುಗಳನ್ನೂ ಹೀಗೆ ಎಳೆಯಲಾಗದು. ಎಂಜಿನ್ ನಿಂತಿರುವಾಗ ಗೇರುಪೆಟ್ಟಿಗೆಯೊಳಗೆ ಎಣ್ಣೆ ಹರಿಯದ ಕಾರುಗಳಲ್ಲಿ ಭಾಗಗಳು ಸವೆದು ಕೆಡುತ್ತವೆ. ಹೊಂಡಾ ಸಿ.ಆರ್.-ವಿ. ಕಾರಿಗೆ 2014ರ ಮಾದರಿಯವರೆಗೆ ಇದ್ದ ಅನುಮತಿ, 2015ರಲ್ಲಿ ಗೇರಿನ ರಚನೆ ಬದಲಾದ ಮೇಲೆ ಇಲ್ಲವಾಯಿತು. ತಯಾರಕರ ಕೈಪಿಡಿಯೇ ಇಲ್ಲಿ ಪ್ರಮಾಣ. ನಮ್ಮ ವಿಷಯ ವಿದ್ಯುತ್ತಿಗೆ ಸಂಬಂಧಿಸಿದ್ದು.

ಎಳೆಯಲ್ಪಡುವ ಕಾರಿನ ಎಂಜಿನ್ ನಿಂತಿದೆಯೆಂದು ಅದರ ವಿದ್ಯುದ್ವ್ಯವಸ್ಥೆಯೂ ನಿದ್ರಿಸುತ್ತಿದೆಯೆಂದು ತಿಳಿಯುವುದು ತಪ್ಪು. ಕಳ್ಳತನವನ್ನು ತಡೆಯಲು 1970ರ ಸುಮಾರಿನಿಂದ ಅಲ್ಲಿಯ ಕಾರುಗಳಲ್ಲಿ ಸ್ಟೀರಿಂಗಿಗೆ ಬೀಗ ಸಾಮಾನ್ಯವಾಯಿತು. ಕೀಲಿಯನ್ನು ತೆಗೆದರೆ ಸ್ಟೀರಿಂಗ್ ಕಚ್ಚಿಕೊಳ್ಳುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ತಿರುಗದೆ ಟೈರುಗಳು ಉಜ್ಜಿಹೋಗುತ್ತವೆ. ಆದ್ದರಿಂದ ಅಂತಹ ಕಾರುಗಳಲ್ಲಿ ಕೀಲಿಯನ್ನು ಮಧ್ಯದ ಸ್ಥಾನದಲ್ಲಿ ಬಿಡಬೇಕಾಗುತ್ತದೆ. ಆ ಸ್ಥಾನದಲ್ಲಿ ರೇಡಿಯೋ ಮತ್ತು ಹಲವು ನಿಯಂತ್ರಕಗಳು ಎಚ್ಚೆತ್ತಿರುತ್ತವೆ. ಅವುಗಳಿಗೆ ವಿದ್ಯುತ್ತನ್ನು ಒದಗಿಸಬೇಕಾದ ಜನಕವೋ ತಿರುಗುತ್ತಿಲ್ಲ.

ಇವೆಲ್ಲ ಸೇರಿ 3 ಆಂಪೇರ್ ಸೆಳೆಯುತ್ತವೆಂದು ಇಟ್ಟುಕೊಳ್ಳೋಣ. ಎಂಟು ಗಂಟೆಗಳ ಪ್ರಯಾಣಕ್ಕೆ 24 ಆಂಪೇರ್-ಗಂಟೆ ವ್ಯಯವಾಗುತ್ತದೆ. ಬ್ಯಾಟರಿಯ ಧಾರಣೆ 50 ಆಂಪೇರ್-ಗಂಟೆಯಾಗಿದ್ದರೆ ಹೆಚ್ಚುಕಡಿಮೆ ಅರ್ಧ ಬರಿದಾಯಿತು. ಎಂಜಿನನ್ನು ಚಾಲನೆಗೊಳಿಸಲು ಕ್ಷಣಮಾತ್ರವಾದರೂ ನೂರಕ್ಕೆ ಮೀರಿದ ಆಂಪೇರ್ ಬೇಕು. ಹಳೆಯ ಬ್ಯಾಟರಿ ಅದನ್ನು ಕೊಡಲಾರದು. ಪ್ರವಾಸಿಯು ಕಾಡಿನ ನಡುವಣ ಬಿಡಾರದಲ್ಲಿ ಸಂಜೆ ನಿಲ್ಲಬೇಕಾಗುತ್ತದೆ. ಮತ್ತೆ ಮತ್ತೆ ಹೀಗೆ ಬರಿದಾದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂತು ಧಾರಣೆಯೇ ಕುಗ್ಗುತ್ತದೆ.

ಪರಿಹಾರಗಳಲ್ಲಿ ಮೊದಲನೆಯದು, ಕೈಪಿಡಿಯಲ್ಲಿ ಹೇಳಿರುವ ಫ್ಯೂಸನ್ನು ಪ್ರಯಾಣಕ್ಕೆ ಮೊದಲು ಕಿತ್ತಿಡುವುದು. ದಿನವೂ ಕೀಳುವುದರಿಂದ ಹಿಡಿಕೆಗಳು ಸಡಿಲವಾಗುವುದುಂಟು. ಆ ಮಂಡಲದಲ್ಲಿ ಒಂದು ಸ್ವಿಚ್ಚನ್ನು ಸೇರಿಸುವುದು ಮೇಲು. ಬ್ಯಾಟರಿಯನ್ನೇ ಬೇರ್ಪಡಿಸುವುದು ಕೈಪಿಡಿ ಒಪ್ಪಿದಲ್ಲಿ ಮಾತ್ರ ಸಲ್ಲುತ್ತದೆ. ವಿದ್ಯುತ್ ಸ್ಟೀರಿಂಗ್ ಇರುವ ಕೆಲವು ಕಾರುಗಳಲ್ಲಿ ಆ ಯಂತ್ರಕ್ಕೆ ವಿದ್ಯುತ್ತು ತಪ್ಪಿದರೆ ಮುಂದಿನ ಚಕ್ರಗಳು ಓಲಾಡತೊಡಗುತ್ತವೆ.

ಎರಡನೆಯದು, ಮೋಟಾರ್‌ಹೋಮಿನಿಂದಲೇ ಒಂದು ತಂತಿಯನ್ನು ಎಳೆದು ಕಾರಿನ ಬ್ಯಾಟರಿಗೆ ವಿದ್ಯುತ್ತನ್ನು ಉಣಿಸುವುದು. ಇಲ್ಲಿ ತಂತಿಯ ಗಾತ್ರವನ್ನು ಲೆಕ್ಕಿಸದೆ ಸೋಲುವವರೇ ಹೆಚ್ಚು. ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯ ರೋಧ ಸುಮಾರು 0.017 ಓಂ. ಎಂಜಿನಿನಿಂದ ಕಾರಿನ ಬ್ಯಾಟರಿಗೆ 15 ಮೀಟರ್, ಹಿಂದಿರುಗಲು 15 ಮೀಟರ್. ಎರಡು ಚದರ ಮಿಲಿಮೀಟರಿನ ತಂತಿಯಾದರೆ ರೋಧ 0.26 ಓಂ, 5 ಆಂಪೇರ್ ಹರಿದಾಗ 1.3 ವೋಲ್ಟ್ ದಾರಿಯಲ್ಲಿಯೇ ನಷ್ಟ. ಮೂಲದಲ್ಲಿ 14 ವೋಲ್ಟ್ ಇದ್ದದ್ದು 12.7 ಆಗಿ ತಲಪುತ್ತದೆ. ತುಂಬಿದ ಬ್ಯಾಟರಿಯು ವಿಶ್ರಾಂತಿಯಲ್ಲಿ ತೋರುವ ವಿಭವವೂ ಹೆಚ್ಚುಕಡಿಮೆ ಅಷ್ಟೇ. ಸಣ್ಣ ತಂತಿಯು 2–3 ಆಂಪೇರಿನ ನಿತ್ಯವ್ಯಯವನ್ನು ಸರಿತೂಗಿಸೀತೇ ಹೊರತು ಬರಿದಾದ ಬ್ಯಾಟರಿಯನ್ನು ತುಂಬಲಾರದು. ಎಂಟು ಚದರ ಮಿಲಿಮೀಟರಿನ ತಂತಿಯಲ್ಲಿ ಅದೇ ಪ್ರವಾಹಕ್ಕೆ ನಷ್ಟ ಮೂರನೆಯ ಒಂದು ವೋಲ್ಟಿಗೂ ಕಡಿಮೆ. ಈ ತಂತಿಯ ಎರಡು ತುದಿಗಳಲ್ಲಿಯೂ ಬ್ಯಾಟರಿಯಿರುವುದರಿಂದ ಎರಡು ಕಡೆಯೂ ಫ್ಯೂಸ್ ಇರಲೇಬೇಕು. ಮೋಟಾರ್‌ಹೋಮ್ ನಿಂತಾಗ ಕಾರಿನ ವಿದ್ಯುತ್ತು ಹಿಮ್ಮುಖವಾಗಿ ಹರಿಯದಂತೆ ತಡೆಯಲು ಡಯೋಡಿಗಿಂತ ರಿಲೇ ಉತ್ತಮವೆಂದು ನಮ್ಮ ಅಭಿಪ್ರಾಯ. ಡಯೋಡು ತಾನೇ 0.7 ವೋಲ್ಟನ್ನು ನುಂಗಿಬಿಡುತ್ತದೆ.

ಬ್ಯಾಟರಿ ಬರಿದಾದರೆ ಪ್ರವಾಸಿಗೆ ತೊಂದರೆ. ದೀಪಗಳು ತಪ್ಪಿದರೆ ಹಿಂದೆ ಬರುವವನ ಪ್ರಾಣಕ್ಕೇ ಅಪಾಯ. ಮೋಟಾರ್‌ಹೋಮಿನ ಹಿಂದೀಪಗಳನ್ನು ಕಾರು ಮರೆಮಾಡುವುದರಿಂದ ಅದರ ಸಂಕೇತಗಳೆಲ್ಲ ಕಾರಿನ ಹಿಂಭಾಗದಲ್ಲಿ ಕಾಣಬೇಕು. ಸಾಮಾನ್ಯವಾದ ನಾಲ್ಕು ತಂತಿಗಳ ಜೋಡಣೆಯಲ್ಲಿ ಬಿಳಿಯದು ಭೂಸಂಪರ್ಕ, ಕಂದು ಹಿಂದೀಪ, ಹಳದಿ ಎಡಕ್ಕೆ, ಹಸಿರು ಬಲಕ್ಕೆ. ಕೊನೆಯ ಎರಡರಲ್ಲಿ ತಿರುವಿನ ಸಂಕೇತವೂ ಬ್ರೇಕಿನ ಸಂಕೇತವೂ ಒಂದೇ ತಂತಿಯಲ್ಲಿ ಬರುತ್ತವೆ. ಈ ತಂತಿಗಳನ್ನು ಕಾರಿನ ದೀಪಗಳಿಗೆ ನೇರವಾಗಿ ಬೆಸೆದರೆ ಪ್ರವಾಹವು ಬಲ್ಬಿನಲ್ಲಿ ನಿಲ್ಲದೆ ಹಿಮ್ಮುಖವಾಗಿ ಕಾರಿನ ಸ್ವಿಚ್ಚುಗಳಿಗೂ ನಿಯಂತ್ರಕಗಳಿಗೂ ನುಗ್ಗುತ್ತದೆ. ಇದನ್ನು ತಡೆಯಲು ಪ್ರತಿಯೊಂದು ಬಲ್ಬಿಗೂ ಎರಡು ಡಯೋಡುಗಳು ಬೇಕು: ಒಂದು ಕಾರಿನ ಕಡೆಯಿಂದ, ಮತ್ತೊಂದು ಮೋಟಾರ್‌ಹೋಮಿನ ಕಡೆಯಿಂದ. ಎರಡೂ ಬಲ್ಬಿನತ್ತ ಮಾತ್ರ ತೆರೆಯುವ ಬಾಗಿಲುಗಳು.

ಇದಕ್ಕೂ ಬೆಲೆ ತೆರಬೇಕು. ತಂತುವಿನ ಬಲ್ಬಿನ ಬೆಳಕು ವಿಭವದ ಸುಮಾರು 3.4ನೆಯ ಘಾತದಂತೆ ಬದಲಾಗುತ್ತದೆ. ಡಯೋಡಿನ 0.7 ವೋಲ್ಟ್ ನಷ್ಟದಿಂದ ಬೆಳಕು ಆರನೆಯ ಒಂದು ಭಾಗದಷ್ಟು ಕುಂದುತ್ತದೆ. ಬಲ್ಬಿನಲ್ಲಿ ಹರಿಯುವ ವಿದ್ಯುತ್ತನ್ನು ಪರೀಕ್ಷಿಸುವ ನಿಯಂತ್ರಕವಿರುವ ಹೊಸ ಕಾರುಗಳಲ್ಲಿ ಡಯೋಡು ದೋಷದಂತೆ ತೋರಿ ಎಚ್ಚರಿಕೆಯ ದೀಪ ಹೊತ್ತುವುದೂ ಉಂಟು. ಅಂತಹ ಕಡೆ ಹಿಂದೀಪದ ಕವಚದೊಳಗೆ ಬೇರೆಯೇ ಬಲ್ಬನ್ನು ಕೂರಿಸಿ, ಕಾರಿನ ಜಾಲವನ್ನು ಮುಟ್ಟದೆ ಬಿಡುವುದು ಕ್ಷೇಮ. ಕವಚಕ್ಕೆ ರಂಧ್ರ ಕೊರೆಯಲು ಕಾರಿನ ಒಡೆಯ ಒಪ್ಪಬೇಕು, ಅಷ್ಟೆ.

ಭೂಸಂಪರ್ಕಕ್ಕೆ ಎಳೆಯುವ ದಂಡವನ್ನು ನಂಬಬಾರದು. ಅದರ ಕೀಲುಗಳಲ್ಲಿ ತುಕ್ಕು ಹಿಡಿದಾಗ ಪ್ರವಾಹವು ಬೇರೊಂದು ಬಲ್ಬಿನ ಮೂಲಕ ದಾರಿ ಹುಡುಕುತ್ತದೆ. ಎಡದ ಸಂಕೇತಕ್ಕೆ ಬಲದ ದೀಪ ಮಂಕಾಗಿ ಮಿನುಗುವ ವಿಚಿತ್ರಕ್ಕೆ ಹೆಚ್ಚಾಗಿ ಇದೇ ಕಾರಣ.

ಇನ್ನೊಂದು ತೊಡಕು ಬ್ರೇಕಿನದು. ಮೋಟಾರ್‌ಹೋಮ್ ನಿಧಾನಿಸಿದಾಗ ಕಾರಿನ ಪೆಡಲನ್ನು ತಾನೇ ಒತ್ತುವ ಒಂದು ಸಹಾಯಕ ಯಂತ್ರವನ್ನು ಇಡುತ್ತಾರೆ. ಪೆಡಲ್ ಒತ್ತಿದೊಡನೆ ಕಾರಿನ ಸ್ವಂತ ಬ್ರೇಕ್ ದೀಪಗಳು ಸ್ಥಿರವಾಗಿ ಹೊತ್ತುತ್ತವೆ. ತಿರುವಿಗೂ ಅದೇ ಬಲ್ಬಾದರೆ, ಮಿನುಗಬೇಕಾದ ದೀಪ ಮಿನುಗದು. ಚಾಲಕನ ಉದ್ದೇಶ ಹಿಂದಿನವನಿಗೆ ತಿಳಿಯದು. ಎಳೆಯುವಾಗ ಮಾತ್ರ ಕಾರಿನ ಬ್ರೇಕ್ ದೀಪದ ತಂತಿಯನ್ನು ಕಡಿದಿಡುವ ರಿಲೇಯೊಂದನ್ನು ಇಟ್ಟರೆ ದೋಷ ನೀಗುತ್ತದೆ. ಈ ಯಂತ್ರವೂ ಕಾರಿನ ಬ್ಯಾಟರಿಯನ್ನೇ ಅವಲಂಬಿಸಿದ್ದರೆ, ಅದರ ವ್ಯಯವನ್ನು ಮೇಲಣ ಲೆಕ್ಕಕ್ಕೆ ಕೂಡಿಸತಕ್ಕದ್ದು.

ಪರೀಕ್ಷೆಯನ್ನು ಕೀಲಿ ಎಳೆಯುವ ಸ್ಥಾನದಲ್ಲಿರುವಾಗಲೇ ನಡೆಸಬೇಕು; ಕೀಲಿ ತೆಗೆದಾಗ ಸರಿಯಾಗಿ ತೋರುವ ಜೋಡಣೆಯು ಆ ಸ್ಥಾನದಲ್ಲಿ ತಪ್ಪುವುದುಂಟು. ಒಬ್ಬರು ಮುಂದೆ ಕುಳಿತು ಸಂಕೇತಗಳನ್ನು ಕೊಡುತ್ತಿರಲು ಮತ್ತೊಬ್ಬರು ಹಿಂದೆ ನಿಂತು ನೋಡಬೇಕು; ಬ್ರೇಕನ್ನೂ ತಿರುವನ್ನೂ ಒಟ್ಟಿಗೆ ಕೊಟ್ಟು ನೋಡುವುದನ್ನು ಮರೆಯಬಾರದು. ಮೊದಲ ದಿನ ಹೊರಡುವ ಮುನ್ನ ಬ್ಯಾಟರಿಯ ವಿಭವವನ್ನು ಅಳೆದು ಬರೆದಿಟ್ಟು, ಸಂಜೆ ಎಲ್ಲವನ್ನೂ ಬೇರ್ಪಡಿಸಿ ಒಂದೆರಡು ಗಂಟೆ ಬಿಟ್ಟು ಮತ್ತೆ ಅಳೆಯಬೇಕು. ಬೆಳಗ್ಗೆ 12.6 ಇದ್ದದ್ದು ಸಂಜೆ 12.2ಕ್ಕೆ ಇಳಿದಿದ್ದರೆ, ಅರ್ಧದಷ್ಟು ಶಕ್ತಿ ಎಲ್ಲಿಯೋ ಸೋರಿದೆ. ಯಾವ ಫ್ಯೂಸಿನ ಮೂಲಕವೆಂಬುದನ್ನು ಆಂಪೇರ್ ಮಾಪಕ ಹಿಡಿದು ಒಂದೊಂದಾಗಿ ಹುಡುಕಬೇಕು.