ಹರಿಹರಕ್ಕೆ ಅಂತ ಹೊರಟವರು ಧೋಲಾವೀರಾ ತಲುಪಿದ್ವಿ

ಹೊಸ ಥಾರ್ ಡೆಲಿವರಿ ಆಗಿ ಸರಿಯಾಗಿ ಆರು ದಿನ ಆಗಿತ್ತು. ಆಯುಧ ಪೂಜೆಗೆ ಅಂತ ಬೆಂಗಳೂರಿಂದ ದಾವಣಗೆರೆಗೆ ತಂದಿದ್ದೆ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು, ಬೂದುಗುಂಬಳಕಾಯಿ ಒಡೆದು, ಬಾನೆಟ್ ಮೇಲೆ ಕುಂಕುಮ ಹಚ್ಚಿದ ಮೇಲೆ ಅಮ್ಮ ಒಳಗೆ ಇಣುಕಿ, ಗೇರ್ ಪಕ್ಕದ ಪುಟ್ಟ ಲಿವರ್ ತೋರಿಸಿ "ಇದೇನೋ?" ಅಂದ್ರು.

ಇದು ಫೋರ್ ವೀಲ್ ಡ್ರೈವ್, ಇಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುತ್ತೆ, ಕೆಸರು, ಮರಳು, ಬೆಟ್ಟ ಯಾವುದಕ್ಕೂ ಜಗ್ಗಲ್ಲ ಅಂತ ಸೇಲ್ಸ್‌ಮನ್ ಥರ ವಿವರಿಸಿದೆ.

"ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಲ್ಲೋಕೆ ನಾಲ್ಕು ಚಕ್ರನೂ ಎಳೀಬೇಕಾ?"

ಉತ್ತರ ಇರಲಿಲ್ಲ. ಏಳು ವರ್ಷದ ಸಾಲ ಮಾತ್ರ ಇತ್ತು.

ಮರುದಿನ ವಿಜಯದಶಮಿ. ಹರಿಹರೇಶ್ವರನ ದರ್ಶನ ಮಾಡಿಸಿಕೊಂಡು ಮಧ್ಯಾಹ್ನದ ಊಟಕ್ಕೆ ವಾಪಸ್ ಬರುವುದು ಅಂತ ಪ್ಲಾನ್. ಗಾಡಿ ಎತ್ತರ ಅಂತ ಅಮ್ಮ ಹತ್ತಿ ಇಳಿಯೋಕೆ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡಿದ್ದೆ. ದರ್ಶನ ಆಯ್ತು. ಹೆದ್ದಾರಿಗೆ ಬಂದಾಗ ಅಮ್ಮ, "ಈ ರೋಡು ಎಲ್ಲಿಗೆ ಹೋಗುತ್ತೆ?" ಅಂದ್ರು.

"ರಾಷ್ಟ್ರೀಯ ಹೆದ್ದಾರಿ 48. ಹುಬ್ಬಳ್ಳಿ, ಬೆಳಗಾವಿ, ಪುಣೆ, ಮುಂಬೈ, ಅಹಮದಾಬಾದ್. ಹಾಗೇ ಹೋದ್ರೆ ದಿಲ್ಲಿ."

"ಅಹಮದಾಬಾದಿನಿಂದ ಧೋಲಾವೀರಾ ಎಷ್ಟು ದೂರ?"

ನಮ್ಮಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್ ಆಗಿದ್ದವರು. ಮೂವತ್ತೊಂದು ವರ್ಷ ಪಾಠ ಮಾಡಿ, ಹಿಂದಿನ ವರ್ಷ ನಿವೃತ್ತರಾದರು. ಅಪ್ಪ ನಾನು ಪಿಯುಸಿಯಲ್ಲಿದ್ದಾಗಲೇ ಹೋಗಿಬಿಟ್ಟರು. ಆಮೇಲೆ ಅಮ್ಮನ ಪ್ರವಾಸ ಎಂದರೆ ತಿರುಪತಿ, ಧರ್ಮಸ್ಥಳ ಮತ್ತು ನನ್ನ ಇಂಜಿನಿಯರಿಂಗ್ ಫೀಸ್ ಕಟ್ಟೋಕೆ ಬ್ಯಾಂಕ್. "ಪ್ರತಿ ವರ್ಷ ಸಿಂಧೂ ನಾಗರಿಕತೆ ಹೇಳಿದೀನಿ. ಹರಪ್ಪ, ಮೊಹೆಂಜೊದಾರೊ ಪಾಕಿಸ್ತಾನದಲ್ಲಿವೆ, ಹೋಗೋಕಾಗಲ್ಲ. ಇದಾದ್ರೂ ನಮ್ಮ ಕಡೆ ಇದೆ" ಅಂದ್ರು. ಕೇಳಿದ ಧ್ವನಿಯಲ್ಲಿ ಆಸೆಗಿಂತ ಅನುಮಾನವೇ ಜಾಸ್ತಿ ಇತ್ತು.

ಮ್ಯಾಪ್ ನೋಡಿದೆ. ಸುಮಾರು 1,600 ಕಿ.ಮೀ. ನನ್ನ ಹತ್ತಿರ ಖರ್ಚಾಗದ ರಜೆ ಹನ್ನೊಂದು ದಿನ ಇತ್ತು. ಮ್ಯಾನೇಜರಿಗೆ ಎರಡು ಸಾಲು ಮೆಸೇಜ್ ಹಾಕಿ ಇಂಡಿಕೇಟರ್ ಅನ್ನು ಹುಬ್ಬಳ್ಳಿ ಕಡೆಗೆ ಹಾಕಿದೆ.

ಹುಬ್ಬಳ್ಳಿಯಲ್ಲಿ ಬ್ರಷ್, ಕೊಲ್ಲಾಪುರದಲ್ಲಿ ನಿದ್ದೆ

ಹುಬ್ಬಳ್ಳಿಯಲ್ಲಿ ಅಮ್ಮನಿಗೆ ಎರಡು ಕಾಟನ್ ಸೀರೆ, ನನಗೆ ಎರಡು ಟೀ ಶರ್ಟ್, ಬ್ರಷ್ಷು, ಪೇಸ್ಟು, ಟವೆಲ್ಲು ತಗೊಂಡ್ವಿ. ಅಮ್ಮನ ಬಿಪಿ ಮಾತ್ರೆ ಮನೆಯಲ್ಲೇ ಇತ್ತು. ಪಕ್ಕದ ಮನೆಯವರಿಗೆ ಫೋನ್ ಮಾಡಿ, ಕೀಲಿ ಎಲ್ಲಿದೆ ಹೇಳಿ, ಚೀಟಿಯ ಫೋಟೊ ತರಿಸಿಕೊಂಡು ಮೆಡಿಕಲ್ ಸ್ಟೋರ್‌ನಲ್ಲಿ ಹದಿನೈದು ದಿನಕ್ಕೆ ಆಗುವಷ್ಟು ಕೊಂಡೆ.

ಮೊದಲ ರಾತ್ರಿ ಕೊಲ್ಲಾಪುರ, ಎರಡನೆಯದು ವಾಪಿ, ಮೂರನೆಯದು ಅಹಮದಾಬಾದ್ ದಾಟಿ ವಿರಮ್‌ಗಾಮ್. ಹೊಸ ಇಂಜಿನ್ ಅಂತ ಎಂಬತ್ತರ ಮೇಲೆ ಹೋಗಲಿಲ್ಲ. ಲಾರಿಗಳೂ ನಮ್ಮನ್ನು ಓವರ್‌ಟೇಕ್ ಮಾಡಿದವು. ದಾರಿಯುದ್ದಕ್ಕೂ ಅಮ್ಮ ನದಿಗಳ ಹೆಸರು ಹೇಳ್ತಾ ಬಂದ್ರು. ಕೃಷ್ಣಾ, ತಾಪಿ, ನರ್ಮದಾ. ನರ್ಮದೆಯ ಸೇತುವೆ ಮೇಲೆ "ಇದು ಪಶ್ಚಿಮಕ್ಕೆ ಹರಿಯೋ ನದಿ, ಪರೀಕ್ಷೆಗೆ ಬರುತ್ತೆ" ಅಂತ ಅಭ್ಯಾಸಬಲದಿಂದ ಅಂದು ತಾವೇ ನಕ್ಕರು.

ಅಷ್ಟೂ ದೂರ ಆ ಪುಟ್ಟ ಲಿವರ್ ಮುಟ್ಟಲೇ ಇಲ್ಲ. ಮುಟ್ಟಲೂಬಾರದು. ಇಂಥ ಗಾಡಿಗಳಲ್ಲಿ 4ಎಚ್ ಹಾಕಿದರೆ ಮುಂದಿನ ಮತ್ತು ಹಿಂದಿನ ಆಕ್ಸಲ್ ಒಂದೇ ವೇಗದಲ್ಲಿ ತಿರುಗುವಂತೆ ಲಾಕ್ ಆಗುತ್ತವೆ. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗಬೇಕು. ಮಣ್ಣಿನಲ್ಲಿ ಟೈರ್ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತೆ. ಒಣ ಟಾರು ರೋಡಿನಲ್ಲಿ ಜಾರಲ್ಲ, ಒತ್ತಡ ಪೂರ್ತಿ ಗೇರುಗಳ ಮೇಲೆ ಬೀಳುತ್ತೆ.

ಸೂರಜ್‌ಬಾರಿ ಸೇತುವೆ ದಾಟಿದರೆ ಕಚ್ಛ್. ಭಚಾವ್, ರಾಪರ್ ಆದ ಮೇಲೆ ರಸ್ತೆ ರಣ್ ಮೇಲೆ ಸಾಗಿ ಖದೀರ್ ದ್ವೀಪಕ್ಕೆ ಹೋಗುತ್ತೆ. ರಸ್ತೆಬದಿ ಪೂರ್ತಿ ಒಂದೇ ಜಾತಿಯ ಮುಳ್ಳುಗಿಡ. "ಇದು ನಮ್ಮ ಬಳ್ಳಾರಿ ಜಾಲಿ ಅಲ್ವೇನೋ!" ಅಂದ್ರು ಅಮ್ಮ. ಅದೇ. ಅಲ್ಲಿಯವರು ಅದನ್ನು ಗಾಂಡೊ ಬಾವಳ್, ಅಂದರೆ ಹುಚ್ಚು ಜಾಲಿ ಅಂತಾರೆ.

ಅಮ್ಮನ ಕ್ಲಾಸು

ಧೋಲಾವೀರಾ ಇರುವುದು ಕರ್ಕಾಟಕ ವೃತ್ತದ ಮೇಲೆ. ಈ ನೆಲೆ ಬೆಳಕಿಗೆ ಬಂದದ್ದು 1960ರ ದಶಕದ ಕೊನೆಯಲ್ಲಿ, ದೊಡ್ಡ ಪ್ರಮಾಣದ ಉತ್ಖನನ ಶುರುವಾದದ್ದು 1990ರಲ್ಲಿ, ಆರ್.ಎಸ್. ಬಿಷ್ಟ್ ಅವರ ನೇತೃತ್ವದಲ್ಲಿ. 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕೋಟೆ, ಮಧ್ಯದ ಊರು, ಕೆಳಗಿನ ಊರು ಅಂತ ಮೂರು ಭಾಗ. ಇಲ್ಲಿ ಇಟ್ಟಿಗೆಯ ಜೊತೆ ಕಲ್ಲನ್ನೂ ಧಾರಾಳವಾಗಿ ಬಳಸಿದ್ದಾರೆ.

ನನಗೆ ಹಿಡಿಸಿದ್ದು ನೀರಿನ ಲೆಕ್ಕಾಚಾರ. ಊರಿನ ಎರಡು ಬದಿಗೆ ಮಾನ್ಸರ್, ಮನ್ಹರ್ ಅಂತ ಎರಡು ಹಳ್ಳ. ಮಳೆಗಾಲದಲ್ಲಿ ಮಾತ್ರ ಹರಿಯುವ ಆ ನೀರಿಗೆ ಒಡ್ಡು ಕಟ್ಟಿ, ಊರಿನ ಸುತ್ತ ದೊಡ್ಡ ದೊಡ್ಡ ಕೊಳಗಳಿಗೆ ತಿರುಗಿಸಿದ್ದರು. ಮೆಟ್ಟಿಲುಗಳಿರುವ ಒಂದು ಕೊಳದ ಅಂಚಿನಲ್ಲಿ ಅಮ್ಮ ತುಂಬಾ ಹೊತ್ತು ಸುಮ್ಮನೆ ನಿಂತಿದ್ದರು. ಉತ್ತರ ದ್ವಾರದ ಹತ್ತಿರ ಹತ್ತು ದೊಡ್ಡ ಅಕ್ಷರಗಳ ಒಂದು ಫಲಕ ಸಿಕ್ಕಿತ್ತು. ಏನು ಬರೆದಿದೆ ಅಂತ ಇವತ್ತಿಗೂ ಯಾರಿಗೂ ಓದೋಕಾಗಿಲ್ಲ. ಅಲ್ಲೇ ಬಂದಿದ್ದ ಕಾಲೇಜು ಹುಡುಗರಿಗೆ ಅಮ್ಮ ತಮ್ಮ ಹರಕು ಹಿಂದಿಯಲ್ಲಿ ಅರ್ಧ ಗಂಟೆ ಪಾಠ ಮಾಡಿದರು. ಹುಡುಗರು ಫೋನ್ ಜೇಬಿಗೆ ಹಾಕಿಕೊಂಡು ಕೇಳಿದರು.

ಆ ಪುಟ್ಟ ಲಿವರ್

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಆವತ್ತು ಮಧ್ಯಾಹ್ನ ಖಾವ್ಡಾ ಕಡೆ ಹೋಗುವ ರಸ್ತೆಯಲ್ಲಿ, ಎರಡೂ ಬದಿಗೆ ದಿಗಂತದವರೆಗೂ ಬೆಳ್ಳಗೆ ಹರಡಿದ ಉಪ್ಪು ನೋಡಿ ನನ್ನ ತಲೆ ಕೆಟ್ಟಿತು. ಇಷ್ಟು ದುಡ್ಡು ಕೊಟ್ಟು ಫೋರ್ ವೀಲ್ ಡ್ರೈವ್ ತಗೊಂಡಿದೀನಿ, ಒಂದು ಫೋಟೊ ಆದ್ರೂ ಬೇಡವಾ? ಅಮ್ಮ "ಬೇಡ" ಅಂದ್ರು. 4ಎಚ್ ಹಾಕಿ ರಸ್ತೆಯ ಏರಿಯಿಂದ ಕೆಳಗಿಳಿಸಿದೆ.

ಇನ್ನೂರು ಮೀಟರ್ ಚೆನ್ನಾಗಿ ಹೋಯ್ತು. ಆಮೇಲೆ ಮುಂದಿನ ಭಾಗ ಕುಸಿಯಿತು. ಮಳೆಗಾಲ ಮುಗಿದು ಹೆಚ್ಚು ದಿನ ಆಗಿರಲಿಲ್ಲ. ಮೇಲಿನ ಉಪ್ಪು ಹಾಲಿನ ಕೆನೆ ಥರ, ಕೆಳಗೆ ಕಪ್ಪು ಜೇಡಿ ಕೆಸರು. 4ಎಲ್ ಹಾಕಿ ಆಕ್ಸಿಲರೇಟರ್ ಒತ್ತಿದೆ. ನಾಲ್ಕೂ ಚಕ್ರ ಸೇರಿ ಶ್ರದ್ಧೆಯಿಂದ ಗುಂಡಿ ತೋಡಿದವು. ಎರಡು ನಿಮಿಷದಲ್ಲಿ ಗಾಡಿಯ ಹೊಟ್ಟೆ ನೆಲಕ್ಕೆ ಕೂತಿತು. ಇಂಜಿನ್ ಎಷ್ಟೇ ಶಕ್ತಿ ಕೊಟ್ಟರೂ ಹಿಡಿತ ಕೊಡಬೇಕಾದ್ದು ನೆಲ ಅನ್ನೋದು ಇಂಜಿನಿಯರಿಂಗ್ ಓದಿದ ನನಗೆ ಆವಾಗ ನೆನಪಾಯ್ತು.

ಸಿಗ್ನಲ್ ಒಂದು ಕಡ್ಡಿ ಬರೋದು, ಹೋಗೋದು. ಬಿಸಿಲು ಚುರುಗುಟ್ಟುತ್ತಿತ್ತು. ಇದ್ದದ್ದು ಒಂದೂವರೆ ಬಾಟಲ್ ನೀರು. ನೀಲಿ ಸ್ಟೂಲನ್ನು ಗಾಡಿಯ ನೆರಳಿನಲ್ಲಿ ಹಾಕಿ ಅಮ್ಮನನ್ನು ಕೂರಿಸಿದೆ. ಅವರ ಮುಖ ಕೆಂಪಾಗಿತ್ತು.

"ತಲೆ ಸುತ್ತುತ್ತಾ ಅಮ್ಮ?"

"ಇಲ್ಲ. ಸುತ್ತೋದು ಹೇಗಿರುತ್ತೆ ಅಂತ ಗೊತ್ತು. ಶ್ರಾವಣದಲ್ಲಿ ಬಚ್ಚಲಲ್ಲಿ ಬಿದ್ದಿದ್ದೆನಲ್ಲ, ಹಾಗಿಲ್ಲ ಈಗ."

ನನಗೆ ಗೊತ್ತೇ ಇರಲಿಲ್ಲ. ಪಕ್ಕದ ಮನೆಯವರು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರಂತೆ, ಒಂದು ರಾತ್ರಿ ಇಟ್ಟುಕೊಂಡಿದ್ದರಂತೆ. ಮಾತ್ರೆಯ ಡೋಸ್ ಜಾಸ್ತಿ ಆದದ್ದೂ ಆವಾಗಲೇ. "ಯಾಕೆ ಹೇಳಲಿಲ್ಲ?" ಅಂತ ಕಿರುಚಿದೆ. "ಆವತ್ತು ಫೋನ್ ಮಾಡಿದ್ದೆ ಕಣೋ. ಮೀಟಿಂಗ್‌ನಲ್ಲಿದೀನಿ, ಆಮೇಲೆ ಮಾಡ್ತೀನಿ ಅಂದೆ. ಆಮೇಲೆ ಮಾಡಿದಾಗ ಗಾಡಿ ಬುಕ್ ಮಾಡಿದ ವಿಷಯ ಹೇಳಿದೆ. ಖುಷಿಯಾಗಿದ್ದೆ. ಸುಮ್ಮನಾದೆ."

ಆ ಫೋನ್ ಕಾಲ್ ನನಗೆ ಚೆನ್ನಾಗಿ ನೆನಪಿದೆ. ಬಣ್ಣ ಕೆಂಪೋ ಕಪ್ಪೋ ಅಂತ ಇಪ್ಪತ್ತು ನಿಮಿಷ ಮಾತಾಡಿದ್ದೆ.

ರಸ್ತೆಗೆ ನಡೆದು ಹೋಗಿ ಕೈ ಅಡ್ಡ ಹಾಕಿ ನಿಂತೆ. ಮುಕ್ಕಾಲು ಗಂಟೆಯ ನಂತರ ಒಂದು ಪಿಕಪ್ ಬಂತು. ಅದರ ಡ್ರೈವರ್ ನೋಡಿ, ತಲೆ ಅಲ್ಲಾಡಿಸಿ, ಮೊದಲು ಅಮ್ಮನಿಗೆ ನೀರಿನ ಕ್ಯಾನ್ ಕೊಟ್ಟ. ಆಮೇಲೆ ಫೋನ್ ಮಾಡಿ ಹಳ್ಳಿಯಿಂದ ಟ್ರಾಕ್ಟರ್ ತರಿಸಿದ. ಟೈರ್ ಗಾಳಿ ಅರ್ಧಕ್ಕಿಂತ ಕಮ್ಮಿ ಮಾಡಿದರು, ಸಲಿಕೆಯಲ್ಲಿ ಕೆಸರು ತೆಗೆದರು, ಚಕ್ರದ ಕೆಳಗೆ ಜಾಲಿ ಕೊಂಬೆ ತುಂಬಿದರು. ಟ್ರಾಕ್ಟರನ್ನು ಗಟ್ಟಿ ನೆಲದಲ್ಲೇ ನಿಲ್ಲಿಸಿ ಹಗ್ಗಕ್ಕೆ ಹಗ್ಗ ಗಂಟು ಹಾಕಿ ಎಳೆದರು. ಗಾಡಿ ಹೊರಬಂದಾಗ ಸೂರ್ಯ ಮುಳುಗುತ್ತಿದ್ದ. ದುಡ್ಡು ಕೊಡಲು ಹೋದರೆ ಡೀಸೆಲ್‌ಗೆ ಆಗುವಷ್ಟು ಮಾತ್ರ ತಗೊಂಡರು. ಹಿರಿಯರೊಬ್ಬರು ನಾನು ಮಾಡಿದ ಎರಡು ಕಪ್ಪು ಗೀರುಗಳನ್ನು ತೋರಿಸಿ, ಮುಂದಿನ ಮಳೆವರೆಗೂ ಇದು ಹೀಗೇ ಇರುತ್ತೆ ಅಂದರು. ಬೈದಿದ್ದರೆ ವಾಸಿಯಿತ್ತು.

ನೀವೂ ಹೊರಡೋದಾದ್ರೆ

* ರಸ್ತೆ ಬಿಟ್ಟು ರಣ್‌ಗೆ ಇಳಿಯಬೇಡಿ. ದೊಡ್ಡ ರಣ್‌ನ ಬಹುಪಾಲು ವನ್ಯಜೀವಿಧಾಮ, ಆಚೆಗೆ ಅಂತರರಾಷ್ಟ್ರೀಯ ಗಡಿ. ಬಿಳಿ ಉಪ್ಪು ನೋಡಬೇಕಾದರೆ ಡಿಸೆಂಬರ್ ನಂತರ ಹೋಗಿ, ನಡೆದು ನೋಡಿ.
* ಸಿಕ್ಕಿಹಾಕಿಕೊಂಡರೆ ಮೊದಲು ಆಕ್ಸಿಲರೇಟರ್ ಬಿಡಿ. ಚಕ್ರ ತಿರುಗಿದಷ್ಟೂ ಗಾಡಿ ಇಳಿಯುತ್ತೆ.
* ಟೈರ್‌ಗೆ ಗಾಳಿ ತುಂಬುವ ಪಂಪ್, ಎಳೆಯುವ ಹಗ್ಗ, ಸಲಿಕೆ, ತಲೆಗೆ ಐದು ಲೀಟರ್ ನೀರು ಇಟ್ಟುಕೊಳ್ಳಿ.
* ರಾಪರ್‌ನಲ್ಲಿ ಟ್ಯಾಂಕ್ ತುಂಬಿಸಿ, ಮುಂದೆ ಬಂಕ್ ಹುಡುಕಬೇಕಾಗುತ್ತೆ.
* ದೊಡ್ಡವರ ಜೊತೆ ಹೋಗುವುದಾದರೆ ಮಾತ್ರೆಯ ಈಗಿನ ಚೀಟಿ ಕೇಳಿ. ಹಳೆಯದಲ್ಲ.

ಕೊನೆಯದನ್ನು ನಾನು ಹುಬ್ಬಳ್ಳಿಯಲ್ಲೇ ಮಾಡಬಹುದಿತ್ತು. ಚೀಟಿಯ ಫೋಟೊ ನನ್ನ ಫೋನಿನಲ್ಲೇ ಇತ್ತು. ಅದರ ಮೇಲೆ ಶ್ರಾವಣದ ತಾರೀಖು, ಆಸ್ಪತ್ರೆಯ ಹೆಸರು ಎಲ್ಲ ಇತ್ತು. ಮಾತ್ರೆಯ ಹೆಸರು ಮಾತ್ರ ಓದಿ ಮುಂದೆ ಹೋಗಿದ್ದೆ.

ವಾಪಸ್ ಬರೋಕೆ ನಾಲ್ಕು ದಿನ ಬೇಕಾಯಿತು. ಈಗ ತಿಂಗಳಿಗೆ ಎರಡು ಶುಕ್ರವಾರ ದಾವಣಗೆರೆಯಿಂದಲೇ ಕೆಲಸ ಮಾಡ್ತೀನಿ. ಅಮ್ಮನ ಮುಂದಿನ ಚೆಕಪ್ ನನ್ನ ಕ್ಯಾಲೆಂಡರ್‌ನಲ್ಲಿದೆ. ನೀಲಿ ಸ್ಟೂಲ್ ಇನ್ನೂ ಗಾಡಿಯಲ್ಲೇ ಇದೆ. ಅದರ ಕಾಲಿಗೆ ಮೆತ್ತಿದ ಕಪ್ಪು ಕೆಸರನ್ನು ತೊಳೆಯೋಕೆ ಅಮ್ಮ ಬಿಡ್ತಿಲ್ಲ. ಮೊನ್ನೆ ಫೋನ್ ಮಾಡಿ, "ಲೋಥಲ್ ದಾರಿಯಲ್ಲೇ ಇತ್ತಂತೆ, ಬಿಟ್ಟು ಬಂದ್ವಲ್ಲೋ" ಅಂದರು. ನಾನು ಮೀಟಿಂಗ್‌ನಲ್ಲಿದ್ದೆ. ಆಚೆ ಬಂದು ಮಾತಾಡಿದೆ.