‘ಶೂನ್ಯ’ ಬೇರೆ, ‘ಇನ್ನೂ ತಿಳಿದಿಲ್ಲ’ ಬೇರೆ: ಆ್ಯಪ್ ಕಟ್ಟುವ ನಮ್ಮ ಯುವಜನರಿಗೆ ಸ್ಥಿತಿ ನಿರ್ವಹಣೆಯ ಪಾಠ

ಭಾಷಾ ಅಲ್ಪಸಂಖ್ಯಾತರ ಶಿಕ್ಷಣದ ಮಾತು ಬಂದಾಗಲೆಲ್ಲ ಎರಡು ಸಂಖ್ಯೆಗಳು ನಮ್ಮೆದುರು ನಿಲ್ಲುತ್ತವೆ: 10 ಮತ್ತು 40. ಒಂದು ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳು ಬೇರೆ ಮಾತೃಭಾಷೆಯವರಾಗಿದ್ದರೆ, ಪ್ರಾಥಮಿಕ ಹಂತದಲ್ಲಿ ಆ ಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಒದಗಿಸಬೇಕೆಂದು 1949ರ ಆಗಸ್ಟ್‌ನಲ್ಲಿ ನಡೆದ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನವು ನಿರ್ಣಯಿಸಿತು. 1956ರಲ್ಲಿ ಸಂವಿಧಾನದ ಏಳನೆಯ ತಿದ್ದುಪಡಿಯಿಂದ 350ಎ ಮತ್ತು 350ಬಿ ವಿಧಿಗಳು ಸೇರಿದವು. ಮೊದಲನೆಯದು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಕಲ್ಪಿಸಲು ರಾಜ್ಯಗಳಿಗೆ ಸೂಚಿಸುತ್ತದೆ. ಎರಡನೆಯದು ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯೊಬ್ಬರನ್ನು ನೇಮಿಸುತ್ತದೆ. ಹಕ್ಕು ಕಾಗದದ ಮೇಲಿದೆ. ಅದನ್ನು ಕೇಳಲು ಹೋದಾಗ ಮಾತ್ರ ಮೊದಲ ಪ್ರಶ್ನೆ ಒಂದೇ: ‘ನಿಮ್ಮ ಮಕ್ಕಳು ಎಷ್ಟು ಮಂದಿ?’

2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡ ಮಾತೃಭಾಷೆಯವರು 12 ಲಕ್ಷಕ್ಕೂ ಹೆಚ್ಚು. ಆದರೆ ಈ ದೊಡ್ಡ ಸಂಖ್ಯೆ ಒಂದು ಬೀದಿಯ, ಒಂದು ತರಗತಿಯ ಲೆಕ್ಕ ಹೇಳುವುದಿಲ್ಲ. ಅದೇ ವರ್ಷ ಕೊಯಮತ್ತೂರು ಮಹಾನಗರಪಾಲಿಕೆಯೊಳಗೆ ಸೇರಿದ ನಮ್ಮ ಕುರಿಚಿಯಂತಹ ಊರುಗಳಲ್ಲಿ ಮನೆಮಾತು ಕನ್ನಡ, ಬರವಣಿಗೆ ತಮಿಳು ಎಂಬ ಕುಟುಂಬಗಳು ಮಗ್ಗದ ಮನೆಗಳಲ್ಲೂ ಕಾರ್ಖಾನೆ ಕಾರ್ಮಿಕರ ಮನೆಗಳಲ್ಲೂ ಹರಡಿಕೊಂಡಿವೆ. ಮನೆಮನೆಗೆ ಹೋಗಿ ಎಣಿಸದೆ ಲೆಕ್ಕ ಸಿಗದು. ಈ ಕೆಲಸಕ್ಕೆ ಆ್ಯಪ್ ಒಂದನ್ನು ಕಟ್ಟಬಹುದೆಂದು ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಮಕ್ಕಳಿಗೆ ತೋರುವುದು ಸಹಜ; ಅದು ಸ್ವಾಗತಾರ್ಹವೂ ಹೌದು. ಅಂತಹ ಆ್ಯಪ್ ಕಟ್ಟುವಾಗ ಅತ್ಯಂತ ಎಚ್ಚರ ಬೇಕಾದ ವಿಷಯವನ್ನು ಇಲ್ಲಿ ಕನ್ನಡದಲ್ಲಿಯೇ ವಿವರಿಸಲು ಬಯಸುತ್ತೇವೆ. ಅದು ಸ್ಥಿತಿಯ ನಿರ್ವಹಣೆ ಮತ್ತು ತಡವಾಗಿ ಮರಳುವ ಉತ್ತರಗಳ ನಿರ್ವಹಣೆ.

ಸ್ಥಿತಿ ಮತ್ತು ಪರದೆ

ಒಂದು ಕ್ಷಣದಲ್ಲಿ ಆ್ಯಪ್ ನೆನಪಿನಲ್ಲಿಟ್ಟುಕೊಂಡಿರುವ ಎಲ್ಲ ಸಂಗತಿಗಳನ್ನು ಸೇರಿಸಿ ಸ್ಟೇಟ್ ಎನ್ನುತ್ತಾರೆ. ನಾವು ಸ್ಥಿತಿ ಎನ್ನೋಣ. ಯಾವ ಬೀದಿಯನ್ನು ಆರಿಸಲಾಗಿದೆ, ಆ ಬೀದಿಯ ಮಕ್ಕಳ ಪಟ್ಟಿ ಯಾವುದು, ಅರ್ಧ ತುಂಬಿದ ನಮೂನೆಯಲ್ಲಿ ಏನಿದೆ ಎಂಬುದೆಲ್ಲ ಸ್ಥಿತಿಯೇ.

ಹಳೆಯ ಪದ್ಧತಿಯಲ್ಲಿ ಪರದೆಯ ಒಂದೊಂದು ಭಾಗಕ್ಕೂ ಪ್ರತ್ಯೇಕವಾಗಿ ಆಜ್ಞೆ ಕೊಡಬೇಕಿತ್ತು: ಪಟ್ಟಿಗೆ ಹೆಸರು ಸೇರಿಸು, ಮೇಲಿನ ಸಂಖ್ಯೆಯನ್ನು ಹೆಚ್ಚಿಸು, ಕೆಳಗಿನ ಗುಂಡಿಯನ್ನು ತೆರೆ. ಒಂದು ಆಜ್ಞೆ ತಪ್ಪಿದರೆ ಪಟ್ಟಿಯಲ್ಲಿ 13 ಹೆಸರು, ಮೇಲೆ 12 ಎಂಬ ಸಂಖ್ಯೆ. ರಿಯಾಕ್ಟಿವ್ ಪದ್ಧತಿ ಇದನ್ನು ತಿರುಗಿಸುತ್ತದೆ. ಸ್ಥಿತಿ ಒಂದೆಡೆ ಇರುತ್ತದೆ. ಪರದೆ ಅದರಿಂದ ಹುಟ್ಟುತ್ತದೆ. ಸ್ಥಿತಿ ಬದಲಾದರೆ ಪರದೆ ತಾನಾಗಿ ಬದಲಾಗುತ್ತದೆ. 2013ರಲ್ಲಿ ಫೇಸ್‌ಬುಕ್ ಮುಕ್ತಗೊಳಿಸಿದ ರಿಯಾಕ್ಟ್, 2018ರ ಡಿಸೆಂಬರ್‌ನಲ್ಲಿ 1.0 ಆವೃತ್ತಿ ಕಂಡ ಗೂಗಲ್‌ನ ಫ್ಲಟರ್, 2021ರಲ್ಲಿ ಆಂಡ್ರಾಯ್ಡ್‌ಗೆ ಬಂದ ಜೆಟ್‌ಪ್ಯಾಕ್ ಕಂಪೋಸ್ ಇವೆಲ್ಲವೂ ಈ ಒಂದೇ ತತ್ತ್ವದ ಮೇಲೆ ನಿಂತಿವೆ.

ನೇಕಾರರ ಮನೆಯ ಮಕ್ಕಳಿಗೆ ಇದು ಹೊಸದಲ್ಲ. ಜಕಾರ್ಡ್ ಮಗ್ಗದಲ್ಲಿ ರಟ್ಟಿನ ರಂಧ್ರಗಳು ಯಾವ ಹಾಸಿನ ಎಳೆ ಏಳಬೇಕೆಂದು ನಿರ್ಧರಿಸುತ್ತವೆ. ಸೆರಗಿನ ವಿನ್ಯಾಸ ಬದಲಾಗಬೇಕಾದರೆ ನೇಕಾರನು ರಟ್ಟನ್ನು ಬದಲಿಸುತ್ತಾನೆಯೇ ಹೊರತು ನೆಯ್ದ ಬಟ್ಟೆಯ ಮೇಲೆ ಬಣ್ಣ ಬಳಿಯುವುದಿಲ್ಲ. ಸ್ಥಿತಿಯೇ ರಟ್ಟು, ಪರದೆಯೇ ಬಟ್ಟೆ.

ಇದರಿಂದ ಒಂದು ನಿಯಮ ಹೊರಡುತ್ತದೆ. ಲೆಕ್ಕ ಹಾಕಿ ಪಡೆಯಬಹುದಾದುದನ್ನು ಸ್ಥಿತಿಯಲ್ಲಿ ಪ್ರತ್ಯೇಕವಾಗಿ ಇಡಬಾರದು. ಮಕ್ಕಳ ಪಟ್ಟಿ ಇದ್ದರೆ ಸಾಕು. ಮಕ್ಕಳು ಎಷ್ಟು, ತರಗತಿಯಲ್ಲಿ 10 ತಲುಪಿದೆಯೇ, ಶಾಲೆಯಲ್ಲಿ 40 ತಲುಪಿದೆಯೇ ಎಂಬುದನ್ನು ಬೇಕಾದಾಗ ಪಟ್ಟಿಯಿಂದಲೇ ಎಣಿಸಬೇಕು. ಒಂದೇ ಸತ್ಯವನ್ನು ಎರಡು ಕಡೆ ಬರೆದಿಟ್ಟರೆ ಎರಡೂ ಒಂದಲ್ಲ ಒಂದು ದಿನ ಬೇರೆಯಾಗುತ್ತವೆ.

ಕಳುಹಿಸಿದ್ದು ಮರಳುವವರೆಗೆ

ಪಟ್ಟಿ ಫೋನಿನೊಳಗೇ ಇದ್ದರೆ ಕೆಲಸ ಸುಲಭ. ಆದರೆ ಅದು ದೂರದ ಸರ್ವರ್‌ನಲ್ಲಿರುತ್ತದೆ. ಕೇಳಿದ ಪಟ್ಟಿ ಅರ್ಧ ಸೆಕೆಂಡಿನಲ್ಲಿ ಬರಬಹುದು, ಅರ್ಧ ನಿಮಿಷ ಹಿಡಿಯಬಹುದು, ಬಾರದೆಯೂ ಇರಬಹುದು. ಸೆಕೆಂಡಿಗೆ 60 ಬಾರಿ ಬದಲಾಗುವ ಪರದೆಗೆ ಒಂದು ಚಿತ್ರ ಬರೆಯಲು ಸಿಗುವುದು ಸುಮಾರು 16 ಮಿಲಿಸೆಕೆಂಡು. ಮುಟ್ಟಿದ ಬೆರಳಿಗೆ 5 ಸೆಕೆಂಡು ಉತ್ತರವಿಲ್ಲದಿದ್ದರೆ ಆ್ಯಪ್ ಸ್ಪಂದಿಸುತ್ತಿಲ್ಲವೆಂದು ಆಂಡ್ರಾಯ್ಡ್ ಪರಿಗಣಿಸುತ್ತದೆ. ಆದ್ದರಿಂದ ಉತ್ತರ ಬರುವವರೆಗೆ ಆ್ಯಪ್ ಕೈಕಟ್ಟಿ ನಿಲ್ಲುವಂತಿಲ್ಲ. ಕೇಳಿಕೆಯನ್ನು ಕಳುಹಿಸಿ, ತನ್ನ ಉಳಿದ ಕೆಲಸ ಮಾಡುತ್ತಿದ್ದು, ಉತ್ತರ ಬಂದಾಗ ಅದನ್ನು ಬರಮಾಡಿಕೊಳ್ಳಬೇಕು. ಇದನ್ನೇ ಅಸಿಂಕ್ರೋನಸ್ ಕ್ರಿಯೆ ಎನ್ನುತ್ತಾರೆ.

ತಿರುಪ್ಪೂರಿನ ಬನಿಯನ್ ಉದ್ಯಮ ಇದೇ ರೀತಿಯಲ್ಲಿ ನಡೆಯುತ್ತದೆ. ಹೆಣೆದ ಬಟ್ಟೆ ಬಣ್ಣ ಹಾಕಿಸಲು ಒಂದು ಘಟಕಕ್ಕೆ, ಅಚ್ಚು ಹಾಕಿಸಲು ಇನ್ನೊಂದಕ್ಕೆ, ಹೊಲಿಸಲು ಮತ್ತೊಂದಕ್ಕೆ ಹೋಗುತ್ತದೆ. ಕಳುಹಿಸಿದವರು ಬಣ್ಣದ ಘಟಕದ ಬಾಗಿಲಲ್ಲಿ ಕಾದು ಕೂರುವುದಿಲ್ಲ. ಚಲನ್ ಬರೆದು ಕಳುಹಿಸುತ್ತಾರೆ. ಮಾಲು ಮರಳಿದಾಗ ಚಲನ್ ಸಂಖ್ಯೆ ನೋಡಿ ಯಾವ ಮಾಲೆಂದು ಗುರುತಿಸುತ್ತಾರೆ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ 2015ರಲ್ಲಿ ಅಧಿಕೃತವಾದ ‘ಪ್ರಾಮಿಸ್’ ಎಂಬುದು ಹೆಚ್ಚುಕಡಿಮೆ ಇಂತಹ ಚಲನ್. ಅದು ಬಾಕಿ ಇರಬಹುದು, ನೆರವೇರಬಹುದು ಅಥವಾ ನಿರಾಕೃತವಾಗಬಹುದು. 2017ರಲ್ಲಿ ಬಂದ ‘ಅಸಿಂಕ್’, ‘ಅವೇಟ್’ ಪದಗಳು ಅದನ್ನೇ ಓದಲು ಸುಲಭವಾಗಿಸಿದವು.

ನಾಲ್ಕು ಸ್ಥಿತಿಗಳು

ಈಗ ಮುಖ್ಯ ವಿಷಯಕ್ಕೆ ಬರೋಣ. ಆ್ಯಪ್ ಬರೆಯಲು ಕಲಿಯುತ್ತಿರುವವರು ಸಾಮಾನ್ಯವಾಗಿ ಖಾಲಿ ಪಟ್ಟಿಯೊಂದಿಗೆ ಆರಂಭಿಸುತ್ತಾರೆ. ಪಟ್ಟಿ ಖಾಲಿಯಿದ್ದರೆ ‘ಮಕ್ಕಳಿಲ್ಲ’ ಎಂದು ತೋರಿಸುತ್ತಾರೆ. ಹೀಗಾದರೆ, ಇನ್ನೂ ಕೇಳಿಲ್ಲದಾಗಲೂ ‘ಮಕ್ಕಳಿಲ್ಲ’. ಉತ್ತರ ದಾರಿಯಲ್ಲಿರುವಾಗಲೂ ‘ಮಕ್ಕಳಿಲ್ಲ’. ಸಿಗ್ನಲ್ ಸಿಗದೆ ಕೇಳಿಕೆಯೇ ಸೋತಾಗಲೂ ‘ಮಕ್ಕಳಿಲ್ಲ’. ಗಣತಿಗೆ ಹೋದ ಕಾರ್ಯಕರ್ತರು ಪರದೆ ನೋಡಿ ಆ ಬೀದಿಯಲ್ಲಿ ಕನ್ನಡದ ಮಕ್ಕಳೇ ಇಲ್ಲವೆಂದು ಬರೆದುಕೊಂಡು ಮುಂದೆ ನಡೆಯುತ್ತಾರೆ. ತಿಳಿಯದಿರುವುದು ಇಲ್ಲದಿರುವುದಾಗಿ ಮಾರ್ಪಡುತ್ತದೆ. ಅಲ್ಪಸಂಖ್ಯಾತರ ಲೆಕ್ಕದಲ್ಲಿ ಇದಕ್ಕಿಂತ ಅಪಾಯಕಾರಿ ದೋಷವಿಲ್ಲ.

ಕಾಯುತ್ತಿದೆಯೇ, ದೋಷವಿದೆಯೇ, ಪಟ್ಟಿ ಇದೆಯೇ ಎಂದು ಮೂರು ಹೌದು-ಇಲ್ಲಗಳನ್ನು ಇಡುವುದು ಇದಕ್ಕೆ ಪರಿಹಾರವಲ್ಲ. ಮೂರು ಹೌದು-ಇಲ್ಲಗಳಿಂದ 8 ಜೋಡಣೆಗಳು ಹುಟ್ಟುತ್ತವೆ. ಅವುಗಳಲ್ಲಿ ನಮಗೆ ಬೇಕಾದವು ನಾಲ್ಕೇ. ‘ಕಾಯುತ್ತಿದೆ, ಆದರೆ ಸೋತಿದೆ’ ಎಂಬಂತಹ ಅರ್ಥವಿಲ್ಲದ ಸ್ಥಿತಿಗಳು ಉಳಿದ ಜೋಡಣೆಗಳಲ್ಲಿ ಅಡಗಿರುತ್ತವೆ. ಆದ್ದರಿಂದ ಸ್ಥಿತಿಯನ್ನು ಒಂದೇ ಮೌಲ್ಯವಾಗಿಟ್ಟು, ಅದು ನಾಲ್ಕರಲ್ಲಿ ಒಂದಾಗಿರಬೇಕೆಂದು ವಿಧಿಸಬೇಕು: ಕೇಳಿಲ್ಲ, ಕಾಯುತ್ತಿದೆ, ಬಂದಿದೆ, ಸೋತಿದೆ. ‘ಬಂದಿದೆ’ ಎಂಬುದರೊಳಗೆ ಮಾತ್ರ ಪಟ್ಟಿ ಇರುತ್ತದೆ. ‘ಸೋತಿದೆ’ ಎಂಬುದರೊಳಗೆ ಮಾತ್ರ ಕಾರಣ ಇರುತ್ತದೆ. ಬಂದ ಪಟ್ಟಿ ಖಾಲಿಯಾಗಿದ್ದರೆ ಅದು ದಾಖಲೆಯ ನಿಜವಾದ ಶೂನ್ಯ. ಕಾಟ್ಲಿನ್ ಮತ್ತು ಡಾರ್ಟ್ ಭಾಷೆಗಳ ‘ಸೀಲ್ಡ್ ಕ್ಲಾಸ್’, ಟೈಪ್‌ಸ್ಕ್ರಿಪ್ಟ್‌ನ ‘ಯೂನಿಯನ್’, ಫ್ಲಟರ್ ಬಳಸುವವರ ರಿವರ್‌ಪಾಡ್‌ನಲ್ಲಿರುವ ‘ಅಸಿಂಕ್‌ವ್ಯಾಲ್ಯೂ’ ಈ ಕೆಲಸಕ್ಕೆ ನೆರವಾಗುತ್ತವೆ. ಸೀಲ್ಡ್ ಕ್ಲಾಸ್ ಬಳಸಿ ಬರೆದರೆ, ಒಂದು ಸ್ಥಿತಿಗೆ ಪರದೆ ಬರೆಯಲು ಮರೆತಾಗ ಕಂಪೈಲರೇ ನೆನಪಿಸುವಂತೆ ಮಾಡಬಹುದು.

ಪರದೆಯ ಮಾತೂ ಅಷ್ಟೇ ಸ್ಪಷ್ಟವಾಗಿರಲಿ: ‘ಈ ಬೀದಿಯಲ್ಲಿ ಇನ್ನೂ ಯಾರೂ ದಾಖಲಾಗಿಲ್ಲ’ ಎಂಬುದು ಒಂದು, ‘ಪಟ್ಟಿ ತಲುಪಲಿಲ್ಲ, ಮತ್ತೆ ಪ್ರಯತ್ನಿಸಿ’ ಎಂಬುದು ಇನ್ನೊಂದು. ಹಳೆಯ ಪಟ್ಟಿ ಕೈಯಲ್ಲಿದ್ದು ಹೊಸದು ಬಾರದಿದ್ದರೆ ಹಳೆಯದನ್ನು ಅಳಿಸಬೇಕಾಗಿಲ್ಲ. ಅದು ಯಾವ ದಿನ, ಯಾವ ಹೊತ್ತಿನದೆಂದು ಮೇಲೆ ಬರೆದು ತೋರಿಸಬೇಕು.

ತಡವಾಗಿ ಬಂದ ಉತ್ತರ

ಕಾರ್ಯಕರ್ತರೊಬ್ಬರು ಮೊದಲು ಸುಂದರಾಪುರವನ್ನು ಒತ್ತಿ, ಕೂಡಲೇ ಮನಸ್ಸು ಬದಲಿಸಿ ಪೋದನೂರನ್ನು ಒತ್ತಿದರೆಂದು ಭಾವಿಸೋಣ. ಎರಡು ಕೇಳಿಕೆಗಳು ಹೊರಟವು. ಪೋದನೂರಿನ ಪಟ್ಟಿ ಮೊದಲು ಬಂತು; ಆಮೇಲೆ ಸುಂದರಾಪುರದ ಪಟ್ಟಿ ಬಂದು ಅದರ ಮೇಲೆ ಕುಳಿತಿತು. ಮೇಲೆ ಪೋದನೂರು ಎಂಬ ಶೀರ್ಷಿಕೆ, ಕೆಳಗೆ ಸುಂದರಾಪುರದ ಮಕ್ಕಳು! ಕೇಳಿದ ಕ್ರಮದಲ್ಲೇ ಉತ್ತರಗಳು ಬರುತ್ತವೆಂಬ ಭರವಸೆ ಅಂತರ್ಜಾಲದಲ್ಲಿಲ್ಲ.

ಪರಿಹಾರ ಚಲನ್ ಸಂಖ್ಯೆಯಲ್ಲಿದೆ. ಪ್ರತಿ ಕೇಳಿಕೆಗೂ ಒಂದು ಸಂಖ್ಯೆ ಕೊಟ್ಟು, ಸ್ಥಿತಿಯಲ್ಲಿ ಕೊನೆಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಬಂದ ಉತ್ತರದ ಸಂಖ್ಯೆ ಅದಕ್ಕೆ ಹೊಂದದಿದ್ದರೆ ಅದನ್ನು ಬಿಟ್ಟುಬಿಡಬೇಕು. ಬ್ರೌಸರ್‌ಗಳಲ್ಲಿ ‘ಅಬಾರ್ಟ್‌ಕಂಟ್ರೋಲರ್’ ಬಳಸಿ ಹಳೆಯ ಕೇಳಿಕೆಯನ್ನು ರದ್ದುಪಡಿಸಲೂಬಹುದು. ಹಾಗೆಯೇ, ಬಳಕೆದಾರರು ಮುಚ್ಚಿಹೋದ ಪುಟಕ್ಕೆ ಉತ್ತರ ಬಂದರೆ ಆ ಪುಟವನ್ನು ಬದಲಿಸಲು ಹೋಗಬಾರದು. ಫ್ಲಟರ್‌ನಲ್ಲಿ ‘ಮೌಂಟೆಡ್’ ಎಂಬ ಗುಣವನ್ನು ಪರೀಕ್ಷಿಸುವುದು ಇದಕ್ಕಾಗಿಯೇ.

ಒಂದು ಮಗು ಎರಡಾಗದಿರಲಿ

ಓದುವುದಕ್ಕಿಂತ ಬರೆಯುವುದು ಸೂಕ್ಷ್ಮ. ಮಗುವಿನ ವಿವರ ತುಂಬಿ ‘ಕಳುಹಿಸು’ ಒತ್ತಿದಿರಿ. ಸಮಯ ಮೀರಿತೆಂಬ ಸೂಚನೆ ಬಂತು. ದಾಖಲೆ ಸರ್ವರ್ ತಲುಪಲಿಲ್ಲವೆಂದು ಇದರ ಅರ್ಥವಲ್ಲ. ದಾಖಲೆ ತಲುಪಿ, ‘ತಲುಪಿತು’ ಎಂಬ ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಮತ್ತೆ ಒತ್ತಿದರೆ ಅದೇ ಮಗು ಎರಡು ಬಾರಿ ಸೇರುತ್ತದೆ. 9 ಮಕ್ಕಳು 10 ಆಗುತ್ತಾರೆ. ಆ ಪಟ್ಟಿಯನ್ನು ಹಿಡಿದು ಅಧಿಕಾರಿಗಳ ಮುಂದೆ ನಿಂತಾಗ, ಪರಿಶೀಲನೆಯಲ್ಲಿ ಸಿಕ್ಕ ಒಂದು ನಕಲು ಹೆಸರು ಉಳಿದ ಒಂಬತ್ತು ನಿಜವಾದ ಹೆಸರುಗಳ ಮೇಲೂ ಸಂಶಯದ ನೆರಳು ಚೆಲ್ಲುತ್ತದೆ.

ಆದ್ದರಿಂದ ದಾಖಲೆಯ ಗುರುತು ಸಂಖ್ಯೆ ಫೋನಿನಲ್ಲಿಯೇ, ಕಳುಹಿಸುವ ಮೊದಲೇ ಹುಟ್ಟಬೇಕು. ಅದೇ ಗುರುತು ಮತ್ತೆ ಬಂದರೆ ಸರ್ವರ್ ಹೊಸ ಸಾಲು ಬರೆಯದೆ ‘ಇದು ಈಗಾಗಲೇ ಇದೆ’ ಎನ್ನಬೇಕು. ಆಗ ಹತ್ತು ಬಾರಿ ಕಳುಹಿಸಿದರೂ ಫಲ ಒಂದೇ. ಉತ್ತರ ಬರುವವರೆಗೆ ಗುಂಡಿಯನ್ನು ಮುಚ್ಚಿಡುವುದೂ ಒಳ್ಳೆಯದು, ಆದರೆ ಅದೊಂದೇ ಸಾಲದು.

ಸಿಗ್ನಲ್ ಇಲ್ಲದೆಡೆ ದಾಖಲೆಗಳು ಫೋನಿನ ಸಾಲಿನಲ್ಲಿ ಕಾಯಬೇಕು. ಈ ಸಾಲನ್ನು ನೆನಪಿನಲ್ಲಿ ಮಾತ್ರ ಇಟ್ಟರೆ, ಹಿನ್ನೆಲೆಗೆ ಸರಿದ ಆ್ಯಪನ್ನು ಆಂಡ್ರಾಯ್ಡ್ ಮುಚ್ಚಿದಾಗ ಅದೂ ಹೋಗುತ್ತದೆ. ಎಸ್‌ಕ್ಯೂಲೈಟ್‌ನಂತಹ ಶಾಶ್ವತ ಸಂಗ್ರಹದಲ್ಲಿ ಬರೆದಿಡಬೇಕು. ಪ್ರತಿ ಹೆಸರಿನ ಪಕ್ಕದಲ್ಲಿ ಅದರ ಸ್ಥಿತಿ ಕಾಣಲಿ: ಫೋನಿನಲ್ಲಿದೆ, ಹೋಗುತ್ತಿದೆ, ಸೇರಿದೆ, ತಿರಸ್ಕೃತವಾಗಿದೆ. ಒತ್ತಿದ ಕೂಡಲೇ ಹೆಸರನ್ನು ಪಟ್ಟಿಯಲ್ಲಿ ತೋರಿಸುವುದು ಬಳಸುವವರಿಗೆ ಹಿತ. ಆದರೆ ‘ಸೇರಿದೆ’ ಎಂದಾಗುವವರೆಗೆ ಅದನ್ನು ಅಧಿಕೃತ ಮೊತ್ತದಲ್ಲಿ ಎಣಿಸಬಾರದು.

ಬರೆಯುವವರು ಒಬ್ಬರೇ

ಇಷ್ಟೆಲ್ಲ ನಿಯಮಗಳನ್ನು ಪುಟಪುಟದಲ್ಲೂ ಚೆಲ್ಲಿದರೆ ಯಾರಿಂದಲೂ ಕಾಪಾಡಲಾಗದು. ಇದಕ್ಕೆ 2012ರಲ್ಲಿ ಬಂದ ಎಲ್ಮ್ ಭಾಷೆಯೂ, ಅದರಿಂದ ಪ್ರೇರಣೆ ಪಡೆದು 2015ರಲ್ಲಿ ಬಂದ ರಿಡಕ್ಸ್ ಗ್ರಂಥಾಲಯವೂ ಒಂದು ಶಿಸ್ತನ್ನು ಕಲಿಸಿದವು. ನಡೆದ ಪ್ರತಿಯೊಂದು ಸಂಗತಿಯೂ ಒಂದು ಸುದ್ದಿಯಾಗಿ ಬರುತ್ತದೆ: ‘ಬೀದಿ ಆರಿಸಲಾಯಿತು’, ‘ಪಟ್ಟಿ ಬಂತು’, ‘ಕೇಳಿಕೆ ಸೋತಿತು’. ಈಗಿನ ಸ್ಥಿತಿ ಮತ್ತು ಈ ಸುದ್ದಿ ಎರಡನ್ನು ನೋಡಿ ಮುಂದಿನ ಸ್ಥಿತಿ ಯಾವುದೆಂದು ಹೇಳುವ ಭಾಗ ಒಂದೇ. ರಿಡಕ್ಸ್ ಅದನ್ನು ರೆಡ್ಯೂಸರ್ ಎನ್ನುತ್ತದೆ. ಅದು ಸರ್ವರನ್ನು ಕೇಳುವುದಿಲ್ಲ, ಗಡಿಯಾರ ನೋಡುವುದಿಲ್ಲ. ಹೊರಗೆ ಓಡಾಡಿ ಉತ್ತರ ತರುವ ಕೆಲಸ ಬೇರೆ ಭಾಗದ್ದು.

ಶಾಲೆಯ ಹಾಜರಿ ಪುಸ್ತಕವನ್ನು ನೆನೆಯಿರಿ. ಬಾರದ ಮಗುವಿನ ಮನೆಗೆ ವಿಚಾರಿಸಲು ಹೋದವರು ಪುಸ್ತಕದಲ್ಲಿ ತಾವೇ ಬರೆಯುವುದಿಲ್ಲ. ಸುದ್ದಿ ತಂದು ಹೇಳುತ್ತಾರೆ. ತರಗತಿಯ ಶಿಕ್ಷಕರು ಬರೆಯುತ್ತಾರೆ. ಬರೆಯುವ ಕೈ ಒಂದೇ ಆದಾಗ ತಪ್ಪು ಎಲ್ಲಿ ಆಯಿತೆಂದು ಹುಡುಕುವುದೂ ಸುಲಭ. ಆದರೆ ಎಲ್ಲವನ್ನೂ ಒಂದೇ ಪುಸ್ತಕಕ್ಕೆ ತುರುಕಬೇಕಿಲ್ಲ. ಒಂದು ನಮೂನೆಯಲ್ಲಿ ಅರ್ಧ ಬರೆದ ಹೆಸರು ಆ ನಮೂನೆಯ ಸ್ವಂತ ಸ್ಥಿತಿಯಾಗಿಯೇ ಇರಲಿ. ಹಲವು ಪುಟಗಳಿಗೆ ಬೇಕಾದುದು ಮಾತ್ರ ಸಾಮಾನ್ಯ ಸ್ಥಿತಿಗೆ ಬರಲಿ.

ಹೊರಡುವ ಮೊದಲು ಪರೀಕ್ಷೆ

ಆ್ಯಪ್ ಸಿದ್ಧವಾಯಿತೆಂದು ಹೇಳುವ ಮೊದಲು ಐದು ಪರೀಕ್ಷೆಗಳನ್ನು ಮಾಡಿ. ಏರೋಪ್ಲೇನ್ ಮೋಡ್ ಹಾಕಿ ಪಟ್ಟಿ ತೆರೆಯಿರಿ; ‘ಮಕ್ಕಳಿಲ್ಲ’ ಎಂದು ತೋರಿದರೆ ಆ್ಯಪ್ ಸಿದ್ಧವಿಲ್ಲ. ಎರಡು ಬೀದಿಗಳನ್ನು ಬೇಗಬೇಗನೆ ಒತ್ತಿ, ಶೀರ್ಷಿಕೆಗೂ ಪಟ್ಟಿಗೂ ಹೊಂದಿಕೆ ಇದೆಯೇ ನೋಡಿ. ‘ಕಳುಹಿಸು’ ಗುಂಡಿಯನ್ನು ಎರಡು ಬಾರಿ ಒತ್ತಿ, ಸರ್ವರ್‌ನಲ್ಲಿ ಒಂದೇ ಸಾಲಿದೆಯೇ ನೋಡಿ. ಕಳುಹಿಸುವ ನಡುವೆ ಸಂಪರ್ಕ ಕಡಿದು, ಮತ್ತೆ ಜೋಡಿಸಿ ನೋಡಿ. ದಾಖಲೆ ಕಾಯುತ್ತಿರುವಾಗ ಆ್ಯಪನ್ನು ಮುಚ್ಚಿ ತೆರೆದು, ಅದು ಉಳಿದಿದೆಯೇ ನೋಡಿ. ಜೊತೆಗೆ, 18 ವರ್ಷದೊಳಗಿನವರ ವಿವರಕ್ಕೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ; ಒಪ್ಪಿಗೆಯಿಲ್ಲದ ಹೆಸರು ಪಟ್ಟಿಗೆ ಬರಬಾರದು.

ನಮ್ಮ ಎಣಿಕೆ ಚಿಕ್ಕದಿರಬಹುದು, ಕೆಲವು ಬೀದಿಗಳಲ್ಲಿ ನಿಜವಾಗಿಯೂ ಶೂನ್ಯವೇ ಇರಬಹುದು. ಅದನ್ನು ಇದ್ದಂತೆಯೇ ಬರೆಯೋಣ. ತಲುಪದ ಬೀದಿಯ ಮುಂದೆ ‘ಇನ್ನೂ ತಿಳಿದಿಲ್ಲ’ ಎಂದು ಬರೆದು, ಮತ್ತೊಂದು ಭಾನುವಾರ ಅಲ್ಲಿಗೆ ಹೋಗೋಣ. ಹೀಗೆ ಕೂಡಿಸಿದ 10 ಮಾತ್ರ ಯಾವ ಅಧಿಕಾರಿಯ ಮೇಜಿನ ಮೇಲೂ 10 ಆಗಿಯೇ ಉಳಿಯುತ್ತದೆ.